ಹಿಂದಿನ ಸೊಲ್ಲು

ಅವರಷ್ಟು ಮೊಂಡು ಮನುಷ್ಯರನ್ನು ನಾನು ಮಲಯ ದೇಶದ ಈ ಕ್ಲಾಂಗ್ ಬಂದರಿನಲ್ಲಿ ಕಂಡಿಲ್ಲ. ಕಳೆದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಮೊಂಡುತನವೇ ಅವರಲ್ಲಿದ್ದ ಒಳ್ಳೆಯ ಗುಣ ಎಂದು ನಾನು ತಿಳಿದಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವಿಬ್ಬರೂ ಹಡಗಿನ ಸರಕು ಸಾಗಿಸುವ ಒಂದೇ ಕಂಪೆನಿಯಲ್ಲಿದ್ದೆವು. ನಾನು ಮೇಲಿನ ಮಹಡಿಯಲ್ಲಿ ಎಸಿ ಹಾಕಿಕೊಂಡು ಕಾಗದಪತ್ರ ನೋಡುವವಳು. ಅವರು ಕೆಳಗೆ ಗೋದಾಮಿನಲ್ಲಿ, ಕಂಟೇನರ್‌ನಿಂದ ಇಳಿಯುವ ಚೀಲ, ಪೆಟ್ಟಿಗೆಗಳನ್ನು ಎಣಿಸಿ ಬರೆದುಕೊಳ್ಳುವ ಟ್ಯಾಲಿ ಕ್ಲರ್ಕ್. ನಾನು ಮಂಗಳೂರಿನವಳು, ಕ್ಯಾಥೊಲಿಕ್, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತ ಕನ್ನಡ. ಅವರು ವಿಜಯಪುರದ ಕಡೆಯ ಒಂದು ಹಳ್ಳಿಯವರು; ಮುಂಬಯಿ ಬಂದರಿನಲ್ಲಿ ಕೆಲವು ವರ್ಷ ಕೂಲಿ ಮಾಡಿ, ಅಲ್ಲಿಂದ ಇಲ್ಲಿಗೆ ಬಂದವರು. ಇಡೀ ಕಂಪೆನಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ, ಹಾಗಾಗಿ ಜಗಳವನ್ನೂ ನಾವಿಬ್ಬರೇ ಆಡಬೇಕಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರಿಗೆ ನಾನು ತಂಗಿ. ನನ್ನ ಕನ್ನಡ ಕೇಳಿದರೆ ಅವರಿಗೆ ನಗು.

"ಏನ್ ತಂಗಿ, ಸಾಲ್ಯಾಗ ಪಾಠ ಒಪ್ಪಿಸಿದಂಗ ಮಾತಾಡ್ತಿ," ಎನ್ನುತ್ತಿದ್ದರು.

"ನಿಮ್ಮ ಹಾಗೆ ಜಗಳಕ್ಕೆ ನಿಂತ ಹಾಗೆ ಮಾತಾಡ್ಲಿಕ್ಕೆ ನನಗೆ ಬರುವುದಿಲ್ಲ ಮಾರಾಯ್ರೆ," ಎಂದರೆ ಇನ್ನೂ ನಗು.

ಅವರು ಚೀಲ ಎಣಿಸುವ ಕ್ರಮವೇ ಬೇರೆ. ಒಂದು ಎಂದು ಬಾಯಿಬಿಟ್ಟು ಹೇಳಿದವರಲ್ಲ. "ಲಾಭ, ಎರಡು, ಮೂರು..." ಎಂದೇ ಶುರು. ಅವರ ಊರಿನಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಹಾಗೆಯೇ ಹೇಳುವುದಂತೆ. ಹೊಸದಾಗಿ ಬಂದ ಸೂಪರ್‌ವೈಸರ್, ಚೀನೀ ಹುಡುಗ, ಇದನ್ನು ಕೇಳಿ ತಲೆ ಕೆಡಿಸಿಕೊಂಡ. "ಅಂಕಲ್, ಇಂಗ್ಲಿಷಲ್ಲಿ ಎಣಿಸಿ ಲಾ, ಇಲ್ಲ ಮಲಯ್‌ನಲ್ಲಿ ಎಣಿಸಿ," ಎಂದು ಎಷ್ಟು ಹೇಳಿದರೂ ಇವರು ಜಗ್ಗಲಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವ ತಮಿಳರಿಗೆ ಮಾತ್ರ ಅದು ಬಹಳ ಹಿಡಿಸಿತ್ತು. ಅವರಲ್ಲೊಬ್ಬನ ಅಜ್ಜಿಯೂ ರಬ್ಬರ್ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಅಕ್ಕಿ ಅಳೆಯುವಾಗ ಲಾಭ ಎಂದೇ ಹೇಳುತ್ತಿದ್ದಳಂತೆ. ಕೊನೆಗೆ ಗೋದಾಮಿನಲ್ಲಿ ಎಲ್ಲರೂ ಲಾಭದಿಂದಲೇ ಎಣಿಸತೊಡಗಿದರು, ಸೂಪರ್‌ವೈಸರ್ ಸುಮ್ಮನಾದ.

ಊಟದ ಬಿಡುವಿನಲ್ಲಿ ನಾವೆಲ್ಲ ಎದುರಿನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿಗೆ ಹೋದರೆ ಅವರು ಗೋದಾಮಿನ ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿ ಖಾಲಿ ಸಿಮೆಂಟು ನೆಲ, ನಡುವೆ ದೀಪ ಕೆಟ್ಟುಹೋದ ಒಂದು ಕಬ್ಬಿಣದ ಕಂಬ. ಆ ಕಂಬದ ಸುತ್ತ ಸುತ್ತುತ್ತ ಹಾಡುತ್ತಿದ್ದರು. ನಾನು ಮೊದಲು ಸಕ್ಕರೆ ಕಾಯಿಲೆಯವರ ವಾಕಿಂಗ್ ಎಂದುಕೊಂಡಿದ್ದೆ. ಒಂದು ದಿನ ಸಹಿ ಬೇಕಾಗಿ ಹುಡುಕಿಕೊಂಡು ಹೋದಾಗ ನಿಂತು ಕೇಳಿದೆ. ಒಂದು ಸಾಲು ಹಾಡುವುದು, ಸುಮ್ಮನೆ ನಾಲ್ಕು ಹೆಜ್ಜೆ ಹಾಕುವುದು, ಮತ್ತೆ ಒಂದು ಸಾಲು. ಪಾಪ, ಮುದುಕರಿಗೆ ಮರೆತುಹೋಗಿದೆ ಎಂದು ನನಗೆ ಕನಿಕರ ಬಂತು.

"ಮಧ್ಯ ಮಧ್ಯ ಮರೆತುಹೋಗ್ತದಾ ಅಣ್ಣ?"

"ಮರಿಯೂದ್ಯಾಕ? ಅಲ್ಲಿ ನಮ್ಮಣ್ಣ ಹಾಡ್ತಾನ," ಎಂದರು.

ಆಮೇಲೆ ನನಗೆ ಪಾಠವೇ ಆಯಿತು. ಕಣದ ನಡುವೆ ಒಂದು ಕಂಬ ನೆಡುತ್ತಾರೆ, ಅದು ಮೇಟಿ. ಸುತ್ತಲೂ ಜೋಳದ ತೆನೆ ಹರಡಿ, ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಾರೆ, ಆ ಸಾಲೇ ಹಂತಿ. ಎತ್ತಿನ ಹಿಂದೆ ದಿನವಿಡೀ ಸುತ್ತುವ ಆಳುಗಳು ಹಾಡುವುದು ಹಂತಿ ಪದ. ಒಬ್ಬ ಮುಂದಿನ ಸೊಲ್ಲು ಎತ್ತುತ್ತಾನೆ, ಇನ್ನೊಬ್ಬ ಹಿಂದಿನ ಸೊಲ್ಲು ಹೇಳಿ ಅದನ್ನು ಮುಗಿಸುತ್ತಾನೆ. ಅವರ ಮನೆಯಲ್ಲಿ ಮುಂದಿನದು ಇವರ ಅಣ್ಣನದು, ಹಿಂದಿನದು ಇವರದು. ಅಣ್ಣನ ಸೊಲ್ಲು ಇವರಿಗೂ ಬಾಯಿಪಾಠ, ಆದರೆ ಹೇಳುವಂತಿಲ್ಲ.

"ಯಾಕೆ? ಇಲ್ಲಿ ಯಾರು ನೋಡ್ತಾರೆ? ಎರಡೂ ನೀವೇ ಹೇಳಿ."

"ಕಾಲಾಗ ಕಾಳಿಲ್ಲದ ಪೂರಾ ಪದ ಹೇಳಬಾರದು ತಂಗಿ. ಖಾಲಿ ಕಣದಾಗ ಹೇಳಿದ್ರ ಕಣಾ ಖಾಲಿನ ಉಳಿತೈತಿ ಅಂತ ನಮ್ಮಪ್ಪ ಹೇಳ್ತಿದ್ದ. ಅರ್ಧಾ ಹೇಳಿದ್ರ ಅದು ಪದಾನ ಅಲ್ಲ. ಅದಕ್ಕ ದೋಷ ಇಲ್ಲ."

ಎಂಥ ವಕೀಲರು ನೋಡಿ! ನಿಯಮವನ್ನೂ ಮುರಿಯಲಿಲ್ಲ, ಹಾಡನ್ನೂ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಹೊರದೇಶದ ಸಿಮೆಂಟಿನ ಮೇಲೆ ಅರ್ಧ ಹಾಡು ಹಾಡಿಕೊಂಡು ಬದುಕಿದ್ದರು. ನನಗೆ ಮೊದಲು ನಗು ಬಂತು, ಮೇಲೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ ಅಳು ಬಂತು.

ಹೊಲ ಎಷ್ಟು ಎಕರೆ ಇತ್ತು ಎಂದು ಒಮ್ಮೆ ಕೇಳಿಬಿಟ್ಟೆ. ಭೂಮಿಯನ್ನು ಇಷ್ಟು ಹೊಗಳುವವರಿಗೆ ಭೂಮಿ ಇದ್ದೇ ಇರುತ್ತದೆ ಎಂದು ನಾನು ತಿಳಿದಿದ್ದೆ.

"ಹೊಲಾ ಗೌಡರದು. ಎತ್ತು ಗೌಡರದು. ರಾಶಿ ಗೌಡರದು. ನಾವು ವರ್ಷದ ಆಳು. ಪದ ಅಷ್ಟ ನಮ್ದು," ಎಂದರು. ದುಃಖದಿಂದಲ್ಲ, ಚೀಲದ ಲೆಕ್ಕ ಒಪ್ಪಿಸುವ ದನಿಯಲ್ಲೇ ಹೇಳಿದರು.

ಅವರು ಊರು ಬಿಟ್ಟಿದ್ದು ಹಂತಿಯ ನಡುವಿನಲ್ಲಿ. ಗೌಡರ ಮಗ ಕೈ ಎತ್ತಿದನಂತೆ, ಇವರು ಅವತ್ತೇ ಬಾರುಕೋಲು ಎಸೆದು ಮುಂಬಯಿ ಬಸ್ಸು ಹತ್ತಿದರಂತೆ. ಇವರ ಅಣ್ಣ ಮರುದಿನ ಒಬ್ಬರೇ ಎತ್ತು ಹೊಡೆದರು. ಅದನ್ನು ಅಣ್ಣ ಮರೆತಿರಲಿಲ್ಲ. ಮೂರು ಸಲ ಇವರು ಊರಿಗೆ ಹೋಗಿಬಂದರು. ಅಷ್ಟರಲ್ಲಿ ಕಾಲುವೆ ಬಂದು, ಜೋಳದ ಹೊಲವೆಲ್ಲ ಕಬ್ಬಾಗಿ, ಕಣ ಇದ್ದ ಕಡೆ ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದರು. ಒಮ್ಮೆ ಹಾಡೋಣ ಎಂದು ಇವರು ಕೇಳಿದರೆ ಅಣ್ಣನ ಉತ್ತರ ಒಂದೇ, "ಕಾಳೆಲ್ಲೈತಿ?" ಆಮೇಲೆ ಇವರ ಮೂತ್ರಪಿಂಡ ಕೆಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ವಿಮಾನ ಹತ್ತುವ ಮಾತು ಅಲ್ಲಿಗೆ ಮುಗಿಯಿತು. ಅಣ್ಣನಿಗೆ ಎಂಬತ್ತರ ಹತ್ತಿರ.

ಪೆಟಾಲಿಂಗ್ ಜಯಾದಲ್ಲಿ ನಮ್ಮ ಕನ್ನಡದವರು ರಾಜ್ಯೋತ್ಸವ ಮಾಡಿದಾಗ ಇವರನ್ನು ವೇದಿಕೆಗೆ ಹತ್ತಿಸಿದ್ದು ನಾನೇ. ನನಗೆ ಸುಮ್ಮನಿರಲು ಬರುವುದಿಲ್ಲ, ಅದು ನನ್ನ ರೋಗ. ನಿಂತು ಹಾಡಿ ಎಂದರೆ ಇವರಿಗೆ ಆಗದು. ಮೈಕಿನ ಸುತ್ತ ಸುತ್ತತೊಡಗಿದರು. ಎರಡು ಸುತ್ತಿಗೆ ವಯರು ಕಾಲಿಗೆ ಸುತ್ತಿಕೊಂಡಿತು. ಒಂದು ಸಾಲು ಹೇಳಿ ಸುಮ್ಮನಾದರೆ ಕೀಬೋರ್ಡಿನವನು, ಪಾಪ ಮರೆತರು ಎಂದು, ಆ ಜಾಗದಲ್ಲಿ ತನ್ನ ಸಂಗೀತ ತುಂಬಿದ. ಇವರು ನಿಂತುಬಿಟ್ಟರು.

"ಅದು ಖಾಲಿ ಅಲ್ಲೋ ತಮ್ಮಾ. ಅಲ್ಲಿ ಮನಶ್ಯಾ ಅದಾನ," ಎಂದು ಮೈಕಿನಲ್ಲೇ ಹೇಳಿದರು. ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮಣಿಪಾಲದಿಂದ ಬಂದು ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿರುವ ಡಾಕ್ಟರೊಬ್ಬರು ನಮ್ಮ ಸಂಘದ ಕಾರ್ಯದರ್ಶಿ. ಅವರು ಬಂದು ಬಹಳ ಪ್ರೀತಿಯಿಂದ, "ಸರ್, ವೆರಿ ನೈಸ್. ಆದ್ರೆ ಗ್ಯಾಪ್ ಸ್ವಲ್ಪ ಜಾಸ್ತಿ ಆಯ್ತು. ಮುಂದಿನ ವರ್ಷ ಒಂದು ಟ್ರ್ಯಾಕ್ ಹಾಕಿಬಿಡೋಣ," ಎಂದರು.

ವಾಪಸು ಬರುವಾಗ ಕಾರಿನಲ್ಲಿ ನಾನು ಹತ್ತು ಸಲ ತಪ್ಪಾಯಿತು ಎಂದೆ. ಆಮೇಲೆ ಹೇಳಿದರು, "ಸಾಯೂದ್ರೊಳಗ ಒಂದ ಸಲ ಅವನ ಕೂಡ ಪೂರಾ ಪದ ಹೇಳಬೇಕು ತಂಗಿ. ಮತ್ತೇನೂ ಬ್ಯಾಡ ನನಗ." ಅವರು ಏನನ್ನಾದರೂ ಬೇಕು ಎಂದಿದ್ದು ನಾನು ಅದೊಂದೇ ಸಲ ಕೇಳಿದ್ದು.

ಅದಾದ ಮುಂದಿನ ವರ್ಷ ಒಂದು ಕಂಟೇನರ್ ಮೆಕ್ಕೆಜೋಳ ಬಂತು, ಕೋಳಿ ಆಹಾರಕ್ಕೆ. ದಾರಿಯಲ್ಲಿ ನೀರು ಹೊಕ್ಕು ಅರ್ಧದಷ್ಟು ಚೀಲಗಳು ತೊಯ್ದಿದ್ದವು. ವಿಮೆಯವರು ಬಂದು ನೋಡುವವರೆಗೆ ಒಣಗಲಿ ಎಂದು ಅದನ್ನು ಗೋದಾಮಿನ ನೆಲದಲ್ಲಿ ಸುರಿದು ಹರಡಿದ್ದರು. ಮಧ್ಯಾಹ್ನ ನನ್ನ ಮೇಜಿನ ಫೋನು ರಿಂಗಾಯಿತು.

"ತಂಗಿ, ಲಗೂನ ಕೆಳಗ ಬಾ. ಕಣಾ ಆಗೇತಿ."

ಇಳಿದು ನೋಡಿದರೆ ಮನುಷ್ಯ ಸೇಫ್ಟಿ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಬರಿಗಾಲಲ್ಲಿ ಕಾಳಿನ ಮೇಲೆ ನಿಂತಿದ್ದಾರೆ. ಮೂತ್ರಪಿಂಡ ಕೆಟ್ಟು ಊದಿದ ಕಾಲು. ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

"ಜೋಳ ಅಲ್ಲ, ಗೋವಿನಜೋಳ. ಆದ್ರೂ ಕಾಳು ಕಾಳ. ಊರಿಗಿ ಹೋದಾಗ ಒಂದು ಚೀಲ ಕೊಂಡು ಸುರವಿದ್ರ ಆಗ್ತಿತ್ತು, ಈ ಬುದ್ಧಿ ಅವಾಗ ಬರಲಿಲ್ಲ ನೋಡು ನನಗ. ಹಚ್ಚು ಫೋನು!"

ಅಣ್ಣನ ಮಗಳು ಊರಿನಲ್ಲೇ ಅಂಗನವಾಡಿಯಲ್ಲಿ ಕೆಲಸದವಳು. ಅವಳ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ಅಣ್ಣನ ಮುಖ ತೆರೆಯಲ್ಲಿ ಬಂತು, ಪಟಕ ಸುತ್ತಿದ ಸಣ್ಣ ಮುಖ. ಕುಶಲ ಪ್ರಶ್ನೆ ಒಂದೂ ಇಲ್ಲ. "ತೋರ್ಸು," ಎಂದರು. ನಾನು ಫೋನು ಬಗ್ಗಿಸಿ ಕಾಳು ತೋರಿಸಿದೆ. ಬಹಳ ಹೊತ್ತು ನೋಡಿದರು. ಮಗಳಿಗೆ ಹೇಳಿ ಒಂದು ಮೊರ ಜೋಳ ತರಿಸಿ ತಮ್ಮ ಕಾಲ ಕೆಳಗೂ ಸುರಿಸಿಕೊಂಡರು. ನಮ್ಮ ಗೋದಾಮಿನ ಬಾಂಗ್ಲಾ ಹುಡುಗರು, ತಮಿಳು ಡ್ರೈವರುಗಳು ಎಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಸೂಪರ್‌ವೈಸರ್ ಮಾತ್ರ ಬಾಗಿಲಿನಿಂದ, "ಅಂಕಲ್, ಕ್ಲೇಮ್ ಕಾರ್ಗೋ ಲಾ! ತುಳಿಬೇಡಿ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ.

ಅಣ್ಣ ಮುಂದಿನ ಸೊಲ್ಲು ಎತ್ತಿದರು. ಆ ವಯಸ್ಸಿನಲ್ಲಿ ಅಂಥ ದನಿ! ಇವರು ಸರಿಯಾದ ಹೆಜ್ಜೆಗೆ ಹಿಂದಿನ ಸೊಲ್ಲು ಕೊಟ್ಟರು. ಆದರೆ ಇಲ್ಲಿ ಹೇಳಿದ್ದು ಅಲ್ಲಿಗೆ ಮುಟ್ಟುವುದು ಒಂದು ಗಳಿಗೆ ತಡ. ವಿಡಿಯೋ ಕಾಲಿನಲ್ಲಿ ಮಾತಾಡಿದವರಿಗೆಲ್ಲ ಅದು ಗೊತ್ತು. ಮಾತಾದರೆ ಹೇಗೋ ನಡೆಯುತ್ತದೆ, ಹಾಡು ನಡೆಯುವುದಿಲ್ಲ. ಅಣ್ಣ ಕಾದರು, ಉತ್ತರ ಬರಲಿಲ್ಲ, ಮುಂದಿನ ಸಾಲಿಗೆ ಹೋದರು. ಆಗ ಇವರ ಹಳೆಯ ಸಾಲು ಅವರ ಹೊಸ ಸಾಲಿನ ಮೇಲೆ ಹೋಗಿ ಬಿತ್ತು. ಅಣ್ಣ ನಿಲ್ಲಿಸಿದರು. ಮತ್ತೆ ಮೊದಲಿನಿಂದ. ಮತ್ತೆ ಅದೇ. ಮೂರನೇ ಸಲ ಇವರು ಬೇಕೆಂದೇ ಒಂದು ಹೆಜ್ಜೆ ಮೊದಲೇ ಹಾಡಿ ನೋಡಿದರು. ಅದಂತೂ ಇಬ್ಬರೂ ಒಟ್ಟಿಗೆ ಕಿರುಚಿದ ಹಾಗಾಯಿತು.

"ನಿನ್ನ ಕಾಲು ತಪ್ಯಾವ," ಎಂದರು ಅಣ್ಣ. "ಡಾಂಬರದ ಮ್ಯಾಲೆ ಅಡ್ಡಾಡಿ ಅಡ್ಡಾಡಿ ಕಾಲು ಸತ್ತಾವ ನಿನ್ನವು."

"ಕಾಲು ಸರಿ ಉಂಟು ಅಜ್ಜ! ಅವರು ಸರಿಯಾಗಿಯೇ ಹೇಳ್ತಿದ್ದಾರೆ. ನೆಟ್‌ವರ್ಕಿನಲ್ಲಿ ತಡ ಆಗ್ತದೆ," ಎಂದು ನಾನು ನಡುವೆ ಬಾಯಿ ಹಾಕಿದೆ.

"ಪದಕ್ಕ ಎಂಥಾ ನೆಟ್‌ವರ್ಕವ್ವಾ?" ಎಂದರು. "ಎರಡು ಕಣದ ಆಚಿಗಿ ನಿಂತು ಹೇಳಿದ್ರೂ ಕೂಡ್ತಿತ್ತು ನಮ್ಮದು." ಫೋನು ಕೆಳಗಿಟ್ಟರು. ತೆರೆಯಲ್ಲಿ ಸ್ವಲ್ಪ ಹೊತ್ತು ತಗಡಿನ ಮಾಡು ಮಾತ್ರ ಕಾಣಿಸಿತು.

ಇವರು ಕಾಳಿನ ಮೇಲೆ ಹಾಗೆಯೇ ನಿಂತಿದ್ದರು. ತಮಿಳು ಡ್ರೈವರೊಬ್ಬ ಬಂದು ಬೂಟು ಕೊಟ್ಟ. ನನಗೆ ಸಿಟ್ಟು ಯಾರ ಮೇಲೆ ಬಂತು ಎಂದು ಈಗಲೂ ಗೊತ್ತಿಲ್ಲ. ಆ ಮುದುಕನ ಮೇಲೆ, ಫೋನಿನ ಮೇಲೆ, ಸಮುದ್ರದ ಮೇಲೆ, ಎಲ್ಲದರ ಮೇಲೆ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡಲಿಲ್ಲ. ಎರಡು ದಿನ ಯೋಚಿಸಿ ಉಪಾಯ ಹುಡುಕಿದೆ. ಊರಿನ ಅಣ್ಣ ತಮ್ಮ ಸೊಲ್ಲುಗಳನ್ನಷ್ಟೇ ಹಾಡಿ, ನಡುವೆ ಜಾಗ ಬಿಟ್ಟು ರೆಕಾರ್ಡ್ ಮಾಡಿ ಕಳಿಸಲಿ. ಇಲ್ಲಿ ಅದನ್ನು ಹಚ್ಚಿ ಇವರು ತಮ್ಮದನ್ನು ಸೇರಿಸಲಿ. ಆಗ ತಡದ ಪ್ರಶ್ನೆಯೇ ಇಲ್ಲ. ಇವರಿಗೆ ಹೇಳಿದಾಗ ಮೊದಲು ತಲೆ ಅಲ್ಲಾಡಿಸಿದರು. ಆಮೇಲೆ, "ಹಂಗೂ ಆಗ್ತೈತೇನು?" ಎಂದು ಎರಡೆರಡು ಸಲ ಕೇಳಿದರು. ನಾನು ಅಣ್ಣನ ಮಗಳಿಗೆ ಎಲ್ಲ ವಿವರಿಸಿದೆ. ನಡುವೆ ಜಾಗ ಬಿಡಬೇಕು ಎಂದು ಮೂರು ಸಲ ಹೇಳಿದೆ. ಆ ಹುಡುಗಿ ಬುದ್ಧಿವಂತೆ, ಅವಳಿಗೆ ತಿಳಿಯಿತು.

ಒಂದು ತಿಂಗಳು ಏನೂ ಬರಲಿಲ್ಲ. ಆಮೇಲೆ ಒಂದು ಶುಕ್ರವಾರ ಬೆಳಗ್ಗೆ ಹನ್ನೊಂದು ನಿಮಿಷದ ಹಾಡು ಬಂತು, ಹಿಂದೆಯೇ ಅವಳ ಇನ್ನೊಂದು ಸಂದೇಶ. ನಾನು ಎರಡನ್ನೂ ಕೇಳಲಿಲ್ಲ. ಮೊದಲು ಅವರೇ ಕೇಳಲಿ ಎಂದುಕೊಂಡೆ. ನಾನೇ ಮೊದಲು ಕೇಳಬೇಕಿತ್ತು.

ಅವರು ಕ್ಲಾಂಗ್ ಪೇಟೆಯ ತಮಿಳರ ಅಂಗಡಿಯಿಂದ ಎರಡು ಕಿಲೋ ಬಿಳಿಜೋಳ ತಂದಿಟ್ಟುಕೊಂಡಿದ್ದರು. ಗೋದಾಮಿನ ಹಿಂದೆ ಸಿಮೆಂಟಿನ ಮೇಲೆ ಅದನ್ನು ಸುರಿದು ಅಂಗೈಯಲ್ಲಿ ಹರಡಿದರು. ಬೂಟು ಬಿಚ್ಚಿ ಹತ್ತಿ ನಿಂತರು. ಗಂಟಲು ಸರಿಮಾಡಿಕೊಂಡರು. ನಾನು ಫೋನಿನ ದನಿ ಪೂರ್ತಿ ಏರಿಸಿ ಎತ್ತಿ ಹಿಡಿದೆ.

"ಎರಿ ಹೊಲದ ತಾಯಿ ತೆನಿಯೆಲ್ಲ ತೂಗ್ಯಾಳ..." ಎಂದು ಅಣ್ಣನ ದನಿ ಎದ್ದಿತು.

ಇವರು ಕಾಲೆತ್ತಿ ಬಾಯಿ ತೆರೆದರು. ಅಷ್ಟರಲ್ಲಿ ಫೋನಿನೊಳಗಿಂದಲೇ ಬಂತು, "ಬಿತ್ತಿದವನ ಕೈಯ ಬಿಸಿ ಆರಿಲ್ಲೋ." ಅದೂ ಅಣ್ಣನದೇ ದನಿ, ಸ್ವಲ್ಪ ತಗ್ಗಿಸಿ, ಇವರು ಹೇಳುವ ಹಾಗೆಯೇ ಹೇಳಿದ್ದರು.

ಇವರು ನನ್ನ ಮುಖ ನೋಡಿದರು. ಮೊದಲ ಸಾಲು ತಾನೇ, ಮುಂದೆ ಬಿಟ್ಟಿರುತ್ತಾರೆ ಎಂದು ನಾನು ಕೈಸನ್ನೆ ಮಾಡಿದೆ.

"ಮೇಟಿಯ ಸುತ್ತ ಬಸವಣ್ಣ ನಡದಾನ..."

ಮತ್ತೆ ಬಾಯಿ ತೆರೆದರು.

"ಅವನ ಹಿಂದಿನ ಪಾದ ನಮದಾವೋ." ಅದನ್ನೂ ಅಣ್ಣನೇ ಹೇಳಿ ಮುಗಿಸಿದ್ದರು.

ಮೂರನೆಯದಕ್ಕೆ ಇವರು ಬಾಯಿ ತೆರೆಯಲಿಲ್ಲ. ನಾನು ನಿಲ್ಲಿಸಲು ಹೋದೆ, ಬೇಡ ಎಂದು ಕೈ ಅಡ್ಡ ಹಿಡಿದರು. ಹನ್ನೊಂದು ನಿಮಿಷವೂ ಬಾಯಿ ಮುಚ್ಚಿಕೊಂಡು ಆ ಎರಡು ಕಿಲೋ ಜೋಳದ ಮೇಲೆ ಸುತ್ತಿದರು. ಹಾಡಿನಲ್ಲಿ ಎಲ್ಲಿಯೂ, ಒಂದು ಉಸಿರಿನಷ್ಟೂ, ಜಾಗ ಇರಲಿಲ್ಲ.

ಆಮೇಲೆ ಅಣ್ಣನ ಮಗಳ ಸಂದೇಶ ಹಚ್ಚಿದೆ. "ಕಾಕಾ, ನಡುಕ ಜಾಗಾ ಬಿಡ್ರಿ ಅಂತ ಎಷ್ಟ್ ಹೇಳಿದ್ರೂ ಅಪ್ಪಗ ಆಗಲಿಲ್ರಿ. ಸಿಟ್ಟಿಲ್ಲ ಅವರಿಗಿ. ನೀವು ಹ್ವಾದ ಮ್ಯಾಲೆ ಎಷ್ಟೋ ಸುಗ್ಗಿ ಹಿಂದ ಯಾರೂ ಇರಲಿಲ್ಲಲ್ರಿ, ಎರಡೂ ತಾವ ಹೇಳಿ ಹೇಳಿ ಬಾಯಿಗಿ ಹಂಗ ಬಿದ್ದೈತ್ರಿ. ನಾಕು ಸಲ ಮಾಡಿದ್ವಿ, ನಾಕೂ ಸಲ ಹಿಂಗ ಆತು. ಅಪ್ಪಗ ದಮ್ಮು ಬಾಳ ಆಗೇತ್ರಿ, ಇನ್ನ ಹಾಡ್ಸೂದಾಗೂದಿಲ್ಲ." ಅದೇ ತಿಂಗಳ ಕೊನೆಗೆ ಊರಿನಲ್ಲಿ ಅವರ ಅಣ್ಣ ತೀರಿಕೊಂಡರು.

ಅವತ್ತು ಆ ಸಂದೇಶ ಕೇಳಿದ ಮೇಲೂ ನಾನು ಸುಮ್ಮನಿರಲಿಲ್ಲ, ನೋಡಿ. "ಅಣ್ಣ, ಬೇಜಾರು ಮಾಡಬೇಡಿ. ಕಂಪ್ಯೂಟರಿನಲ್ಲಿ ಹಿಂದಿನ ಸೊಲ್ಲುಗಳನ್ನು ಮಾತ್ರ ಕತ್ತರಿಸಿ ತೆಗೀಬಹುದು. ನನ್ನ ಮಗಳಿಗೆ ಬರ್ತದೆ, ಸೈಬರ್‌ಜಯಾದಲ್ಲಿ ಅದೇ ಕೆಲಸ ಅವಳದ್ದು. ಜಾಗ ಆಗ್ತದೆ. ಅಲ್ಲಿ ನೀವು ಹೇಳಿ," ಎಂದೆ.

ಅವರು ಬಗ್ಗಿ ಜೋಳವನ್ನು ಒಟ್ಟುಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು, "ಅಂವ ಒಬ್ಬಾಂವನ ಎತ್ತು ಹೊಡದಾನ. ಒಬ್ಬಾಂವನ ಎರಡೂ ಹೇಳ್ಯಾನ. ಈಗ ಅವನ ದನಿ ಅಳಿಸಿ ನಾ ನಿಂತ್ರ, ಅದು ಸೊಲ್ಲು ಆಗ್ತೈತೇನು ತಂಗಿ? ಅದು ಕಳವು."

ಅದಾದ ಮೇಲೆ ಅವರು ಬದುಕಿದ್ದು ಒಂಬತ್ತು ತಿಂಗಳು. ಒಂದು ಸೊಲ್ಲನ್ನೂ ಹಾಡಲಿಲ್ಲ. ಹಾಡಿ ಎಂದು ಹೇಳುವ ಮುಖ ನನಗೂ ಇರಲಿಲ್ಲ.